ಮಹಿಳಾ ಸಮಾಜಕ್ಕೆ ಎಪ್ಪತ್ತೈದು ತುಂಬುವಾಗ: ಮೊದಲು ಅಲ್ಮೇರಾ ತೆಗೆಯಿರಿ

ನಿಮ್ಮ ಊರಿನ ಮಹಿಳಾ ಸಮಾಜಕ್ಕೆ ಐವತ್ತೋ, ಅರವತ್ತೋ, ಎಪ್ಪತ್ತೈದೋ ತುಂಬುತ್ತಿದೆ ಅಂದುಕೊಳ್ಳಿ. ಮೊದಲ ಸಭೆ ಸೇರಿದ ಕೂಡಲೇ ಬರುವ ಮಾತು ಗೊತ್ತೇ ಇದೆ. ಮುಖ್ಯ ಅತಿಥಿ ಯಾರು? ಸೀರೆ ಯಾವ ಬಣ್ಣ? ಊಟಕ್ಕೆ ಏನು? ನಮ್ಮಲ್ಲೂ ಹೀಗೇ ಆಯ್ತು. ಅರ್ಧ ಗಂಟೆ ಇದೇ ಮಾತು ನಡೆದ ಮೇಲೆ ಹಿಂದಿನ ಸಾಲಲ್ಲಿ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಸಮಾಜ ಶುರು ಮಾಡಿದವರು ಯಾರ್ಯಾರು ಅಂತ ನಿಮಗೆ ಗೊತ್ತುಂಟಾ ಮಕ್ಕಳೇ?"

ನಮಗೆ ಇಬ್ಬರ ಹೆಸರು ಗೊತ್ತಿತ್ತು. ಗೋಡೆಯ ಮೇಲೆ ಫೋಟೋ ಇರುವ ಇಬ್ಬರದ್ದು ಮಾತ್ರ.

ಆ ಪ್ರಶ್ನೆಯಿಂದ ನಮ್ಮ ಕೆಲಸದ ದಾರಿಯೇ ಬದಲಾಯ್ತು. ಆ ಒಂದು ವರ್ಷದಲ್ಲಿ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಕೊಡಗಿನ ಮಳೆ, ಕಾಫಿ ಕೊಯ್ಲು, ಮದುವೆ, ಹಾಕಿ ಪಂದ್ಯ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಬರೆದದ್ದು. ಬೇರೆ ಜಿಲ್ಲೆಯವರು ತಮ್ಮ ಊರಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಬಹುದು.

ಕನಿಷ್ಠ ಒಂದು ವರ್ಷ ಮೊದಲು: ಹಳೆಯ ಪುಸ್ತಕ ಹುಡುಕಿ

ಸಮಿತಿ ಮಾಡುವ ಮೊದಲು ಈ ಕೆಲಸ ಮಾಡಿ. ಸಮಾಜದ ಅಲ್ಮೇರಾ ತೆಗೆದು ನಡಾವಳಿ ಪುಸ್ತಕ, ಜಮಾ-ಖರ್ಚು ಪುಸ್ತಕ, ಸದಸ್ಯತ್ವ ರಸೀತಿಯ ಕೌಂಟರ್ ಫಾಯಿಲ್, ಫೋಟೋ ಆಲ್ಬಂ, ಆಮಂತ್ರಣ ಪತ್ರಿಕೆ, ಏನಿದೆಯೋ ಎಲ್ಲವನ್ನೂ ಮೇಜಿನ ಮೇಲಿಡಿ. ಅರ್ಧಕ್ಕರ್ಧ ಅಲ್ಲಿ ಇರುವುದಿಲ್ಲ. ಹಿಂದಿನ ಕಾರ್ಯದರ್ಶಿಗಳ, ಖಜಾಂಚಿಗಳ ಮನೆಯಲ್ಲಿ ಇರುತ್ತದೆ. ಫೋನ್ ಮಾಡಿ ಕೇಳಿದರೆ "ಇಲ್ಲ" ಅಂತಲೇ ಹೇಳುತ್ತಾರೆ, ಯಾಕೆಂದರೆ ಅವರಿಗೆ ನೆನಪೇ ಇರುವುದಿಲ್ಲ. ಮನೆಗೆ ಹೋಗಿ. ಕಾಫಿ ಕುಡಿಯುತ್ತಾ ಕೂತರೆ ಅಟ್ಟದ ಟ್ರಂಕಿನ ವಿಷಯ ತಾನೇ ಹೊರಗೆ ಬರುತ್ತದೆ.

ನಮ್ಮ ಮೊದಲ ನಡಾವಳಿ ಪುಸ್ತಕ ಸಿಕ್ಕಿದ್ದು ಹಾಗೇ. ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸುತ್ತಿ, ಗಂಟು ಹಾಕಿ ಇಟ್ಟಿದ್ದರು. ರಟ್ಟಿನ ಮೂಲೆ ಹುಳ ತಿಂದು ಜಾಲರಿ ಆಗಿತ್ತು. ಒಳಗೆ ನೀಲಿ ಶಾಯಿಯ ಬರಹ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಪುಟದ ಕೆಳಗೆ ಆರೇಳು ಸಹಿ, ಅವುಗಳ ಪಕ್ಕದಲ್ಲಿ ಎರಡು ಹೆಬ್ಬೆಟ್ಟು. ಹೆಬ್ಬೆಟ್ಟಿನ ಗೆರೆಗಳು ಇನ್ನೂ ಎಣಿಸುವ ಹಾಗಿದ್ದವು. ಓದಲು ಬರೆಯಲು ಬಾರದ ಇಬ್ಬರು ಹೆಂಗಸರು, ಬೇರೆಯವರ ಜೊತೆ ಒಂದೇ ಬೆಂಚಿನಲ್ಲಿ ಕೂತು, "ಹೊಲಿಗೆ ತರಗತಿ ಶುರು ಮಾಡುವುದು" ಅನ್ನುವ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟಿದ್ದರು. ಅದನ್ನು ನೋಡಿದ ಮೇಲೆ ಮುಖ್ಯ ಅತಿಥಿಯ ಮಾತು ಕೆಲವು ತಿಂಗಳು ಯಾರೂ ಎತ್ತಲಿಲ್ಲ.

ಕೊಡಗಿನ ಥಂಡಿಗೆ ಕಾಗದ ಬೇಗ ಹಾಳಾಗುತ್ತದೆ. ಹಾಗಾಗಿ ಕೆಲವು ವಿಷಯ ಜೋಪಾನ:

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಪುಸ್ತಕಗಳನ್ನು ಬಿಚ್ಚಲು ಹೋಗಬೇಡಿ. ಒಣ ಹವೆಯ ದಿನ ನೋಡಿ ತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಬೇರೆ ಪುಸ್ತಕಗಳಿಂದ ದೂರ ಇಡಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಜಗಲಿಯ ನೆರಳಿನಲ್ಲಿ ಗಾಳಿಗೆ ಒಣಗಿಸಿ, ಮೆತ್ತಗಿನ ಬ್ರಷ್‌ನಿಂದ ಒರೆಸಿ. ಬಿಸಿಲಿಗೆ ಹರಡಬೇಡಿ, ಶಾಯಿ ಇನ್ನೂ ಮಾಸುತ್ತದೆ. ಹರಿದ ಪುಟಕ್ಕೆ ಸೆಲೋಟೇಪ್ ಅಂಟಿಸಲೇಬಾರದು. ಹತ್ತು ವರ್ಷದಲ್ಲಿ ಅದೇ ಹಳದಿ ಕಲೆಯಾಗಿ ಅಕ್ಷರವನ್ನು ತಿನ್ನುತ್ತದೆ. ಲ್ಯಾಮಿನೇಷನ್ ಕೂಡ ಬೇಡ. ತುಕ್ಕು ಹಿಡಿದ ಗುಂಡುಸೂಜಿ ಇದ್ದರೆ ಮೆಲ್ಲಗೆ ತೆಗೆದು, ಆ ಹಾಳೆಗಳನ್ನು ಬಿಳಿ ಕಾಗದದ ಕವರಿನಲ್ಲಿ ಒಟ್ಟಿಗೆ ಇಡಿ. ಗುರುತು ಹಾಕಬೇಕಾದರೆ ಪೆನ್ಸಿಲ್‌ನಿಂದ ಮಾತ್ರ.

ಆಮೇಲೆ ಪ್ರತಿ ಪುಟದ ಫೋಟೋ ತೆಗೆಯಿರಿ. ಸ್ಕ್ಯಾನರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಸಾಕು. ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ. ಖಾಲಿ ಪುಟವನ್ನೂ ತೆಗೆಯಿರಿ, ಆಗ ಪುಟ ಬಿಟ್ಟುಹೋಗಿಲ್ಲ ಅನ್ನುವುದು ಗೊತ್ತಾಗುತ್ತದೆ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಒಂದು ಪ್ರತಿ ಇನ್ನೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಇರಲಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಎಷ್ಟೋ ಮನೆಗಳು ಹೋದದ್ದನ್ನು ಕಂಡವರು ನಾವು. ಒಂದೇ ಕಡೆ ಇಡುವ ಧೈರ್ಯ ಮಾಡಬೇಡಿ.

ನಿಜವಾಗಿ ಎಷ್ಟು ವರ್ಷ ಆಯ್ತು?

ಸುಲಭದ ಪ್ರಶ್ನೆ ಅನ್ನಿಸುತ್ತೆ, ಆದರೆ ಜಗಳ ಬರುವುದು ಇಲ್ಲೇ. ಮೊದಲ ಸಭೆ ಸೇರಿದ ದಿನ ಒಂದು, ನೋಂದಣಿ ಆದ ದಿನ ಇನ್ನೊಂದು, ಕಟ್ಟಡದ ಕಲ್ಲಿನ ಮೇಲೆ ಕೆತ್ತಿದ್ದು ಮತ್ತೊಂದು. ನನ್ನ ಅಭಿಪ್ರಾಯ ಕೇಳಿದರೆ, ಹೆಂಗಸರು ಮೊದಲು ಒಟ್ಟಿಗೆ ಕೂತು ತೀರ್ಮಾನ ಬರೆದ ದಿನವೇ ಹುಟ್ಟಿದ ದಿನ. ನೋಂದಣಿ ಅಂದರೆ ಜನನ ಪ್ರಮಾಣ ಪತ್ರ, ಅಷ್ಟೇ.

ಈಗಿನ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಅದಕ್ಕಿಂತ ಹಳೆಯ ಸಮಾಜಗಳು 1860ರ ಕಾಯ್ದೆಯಡಿ ನೋಂದಣಿ ಆಗಿರಬಹುದು. ಇನ್ನೊಂದು ವಿಷಯ ನೆನಪಿರಲಿ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಡಗು ಬೇರೆಯೇ ರಾಜ್ಯ ಆಗಿತ್ತು. ಆ ಕಾಲದ ಸರ್ಕಾರಿ ಕಾಗದಗಳ ತಲೆಯಲ್ಲಿ "ಕೂರ್ಗ್" ಅಂತ ಇರುತ್ತದೆ, ಎಷ್ಟೋ ಪತ್ರಗಳು ಇಂಗ್ಲಿಷಿನಲ್ಲಿರುತ್ತವೆ. ಅದನ್ನು ನೋಡಿ ಇದು ನಮ್ಮದಲ್ಲ ಅಂತ ಬದಿಗೆ ಇಟ್ಟುಬಿಡಬೇಡಿ. ಮೂಲ ಪ್ರಮಾಣ ಪತ್ರ ಕಳೆದುಹೋಗಿದ್ದರೆ ಸಂಘಗಳ ಜಿಲ್ಲಾ ನೋಂದಣಿ ಕಚೇರಿಗೆ ಅರ್ಜಿ ಕೊಟ್ಟು ದೃಢೀಕೃತ ಪ್ರತಿ ಕೇಳಿ. ಮಡಿಕೇರಿಯ "ಶಕ್ತಿ" ಪತ್ರಿಕೆ 1957ರಿಂದ ಬರುತ್ತಿದೆ. ಆಗಿನ ಸಭೆ ಸಮಾರಂಭಗಳ ಸುದ್ದಿಗೆ ಹಳೆಯ ಸಂಚಿಕೆಗಳನ್ನು ನೋಡುವುದು ಒಳ್ಳೆಯ ದಾರಿ.

"75ನೇ ವರ್ಷ" ಬೇರೆ, "75 ತುಂಬಿತು" ಬೇರೆ ಅನ್ನುವುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. 1951ರಲ್ಲಿ ಶುರುವಾದ ಸಮಾಜಕ್ಕೆ 75ನೇ ವರ್ಷ ಶುರುವಾಗುವುದು 2025ರಲ್ಲಿ, 75 ತುಂಬುವುದು 2026ರಲ್ಲಿ. ಕೆಲವರು ವರ್ಷದ ಶುರುವಿನಲ್ಲಿ ದೀಪ ಹಚ್ಚಿ, ತುಂಬಿದ ದಿನ ದೊಡ್ಡ ಸಮಾರಂಭ ಮಾಡುತ್ತಾರೆ. ಅದು ಒಳ್ಳೆಯ ಕ್ರಮ. ನಡುವಿನ ಹನ್ನೆರಡು ತಿಂಗಳು ಕೆಲಸಕ್ಕೆ ಸಿಗುತ್ತದೆ.

ಹಳೆಯ ಲೆಕ್ಕ ಓದುವ ಕ್ರಮ

ನಮ್ಮ ಸಮಾಜದ ಹುಡುಗಿಯೊಬ್ಬಳು ತುಂಬಾ ಶ್ರದ್ಧೆಯಿಂದ ಹಳೆಯ ಜಮಾ-ಖರ್ಚನ್ನು ಕಂಪ್ಯೂಟರಿಗೆ ಹಾಕಿದಳು. ಆದರೆ "12-6-0" ಅಂತ ಇದ್ದದ್ದನ್ನು ತಾರೀಕು ಅಂದುಕೊಂಡಳು. ಅದು ಹನ್ನೆರಡು ರೂಪಾಯಿ ಆರು ಆಣೆ. ಅವಳ ತಪ್ಪಲ್ಲ, ಹೇಳಿಕೊಡದ ನಮ್ಮ ತಪ್ಪು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬರುವ ಮೊದಲಿನ ಲೆಕ್ಕ ರೂಪಾಯಿ-ಆಣೆ-ಪೈಗಳಲ್ಲಿ ಇರುತ್ತದೆ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. "3-8-0" ಅಂದರೆ ಮೂರೂವರೆ ರೂಪಾಯಿ. 1957ರ ನಂತರವೂ ಕೆಲವು ವರ್ಷ ಎರಡೂ ಬೆರೆತಿರುವುದುಂಟು. ಹಾಗಾಗಿ ಈ ಕೆಲಸಕ್ಕೆ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು, ಇಬ್ಬರನ್ನೂ ಒಟ್ಟಿಗೆ ಕೂರಿಸಿ.

ಲೆಕ್ಕದ ಪುಸ್ತಕವನ್ನು ಬರೀ ಲೆಕ್ಕ ಅಂತ ಬಿಡಬೇಡಿ. ನಡಾವಳಿಯಲ್ಲಿ ದೊಡ್ಡ ಮಾತು ಇರುತ್ತದೆ, ಲೆಕ್ಕದಲ್ಲಿ ನಿಜವಾಗಿ ನಡೆದದ್ದು ಇರುತ್ತದೆ. ಸೀಮೆಎಣ್ಣೆ, ಸೂಜಿ, ದಾರ, ಬಾಲವಾಡಿ ಮಕ್ಕಳಿಗೆ ಬೆಲ್ಲ, ಮದುವೆಗೆ ಕೊಟ್ಟ ಪಾತ್ರೆಯ ಬಾಡಿಗೆ. ನಮ್ಮಲ್ಲಿ ಎಷ್ಟೋ ವರ್ಷ ಸಮಾಜವನ್ನು ಸಾಕಿದ್ದು ಆ ಪಾತ್ರೆ ಬಾಡಿಗೆಯೇ. ಕೊಪ್ಪರಿಗೆ ಎಷ್ಟು, ಸೌಟು ಎಷ್ಟು, ಕಳೆದುಹೋದ ಲೋಟ ಎಷ್ಟು ಅಂತ ಬರೆದಿಟ್ಟ ಆ ಖಜಾಂಚಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

"ಮಿಸೆಸ್ ಪೊನ್ನಪ್ಪ" ಯಾರು? ಹೆಸರು ಹುಡುಕುವ ಕೆಲಸ

ಇಡೀ ವರ್ಷದಲ್ಲಿ ಅತಿ ಮುಖ್ಯ ಕೆಲಸ ಇದು. ಇದಕ್ಕೆ ಜಾಸ್ತಿ ಸಮಯ ಕೊಡಿ.

ಹಳೆಯ ನಡಾವಳಿ ತೆಗೆದು ನೋಡಿ. ಹಾಜರಿದ್ದವರು: ಶ್ರೀಮತಿ ಸುಬ್ಬಯ್ಯ, ಮಿಸೆಸ್ ಪೊನ್ನಪ್ಪ, ಡಾಕ್ಟರ ಪತ್ನಿ, ಹೆಡ್‌ಮಾಸ್ಟರ ಮನೆಯವರು. ಸಮಾಜ ಕಟ್ಟಿದ ಹೆಂಗಸರ ಸ್ವಂತ ಹೆಸರು ಅವರು ಕಟ್ಟಿದ ಸಮಾಜದ ಪುಸ್ತಕದಲ್ಲೇ ಇಲ್ಲ! ಆ ಕಾಲದ ರೂಢಿ ಹಾಗಿತ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಬಂದ ಮೇಲೆ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟ ಕೊಡಗಿನ ಗೌರಮ್ಮನವರಂಥವರೇ "ಮಿಸೆಸ್ ಬಿ.ಟಿ.ಜಿ. ಕೃಷ್ಣ" ಅನ್ನುವ ಹೆಸರಿನಲ್ಲಿ ಕಥೆ ಬರೆಯುತ್ತಿದ್ದರು. ಅವರ ಹೆಸರು ಉಳಿಯಿತು. ನಮ್ಮ ಊರಿನ ಮಿಸೆಸ್‌ಗಳ ಹೆಸರು ಉಳಿಸಬೇಕಾದವರು ನಾವು.

ಹೀಗೆ ಮಾಡಿ. ಒಂದು ದೊಡ್ಡ ನೋಟ್‌ಬುಕ್ಕಿನಲ್ಲಿ ನಡಾವಳಿಯಲ್ಲಿ ಸಿಗುವ ಪ್ರತಿ ಹೆಸರಿಗೂ ಒಂದು ಪುಟ ಕೊಡಿ. ಪುಸ್ತಕದಲ್ಲಿ ಇದ್ದ ಹಾಗೇ ಮೇಲೆ ಬರೆಯಿರಿ. ಕೆಳಗೆ ಅವರ ಸ್ವಂತ ಹೆಸರು, ಮದುವೆಯಾಗಿ ಬಂದ ಮನೆತನ, ಹುಟ್ಟಿದ ಮನೆತನ, ಈಗಿರುವ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ, ಇಷ್ಟಕ್ಕೆ ಜಾಗ ಬಿಡಿ. ಕೊಡವರಲ್ಲಿ, ಅರೆಭಾಷೆ ಗೌಡರಲ್ಲಿ ಒಂದೇ ಹೆಸರಿನವರು ತುಂಬಾ ಜನ ಇರುತ್ತಾರೆ ಅಲ್ವಾ? ಒಂದೇ ಊರಿನಲ್ಲಿ ನಾಲ್ಕು ಮುತ್ತಮ್ಮ, ಐದು ಗಂಗಮ್ಮ. ಮನೆಪೆಸರು, ಅಂದರೆ ಮನೆತನದ ಹೆಸರು, ಇಲ್ಲದೆ ಗುರುತು ಸಿಗುವುದಿಲ್ಲ. ತಾಮನೆಯ (ತವರಿನ) ಹೆಸರನ್ನೂ ಬರೆದರೆ ಅವರು ಯಾರ ಮಗಳು ಅನ್ನುವುದೂ ಉಳಿಯುತ್ತದೆ. ಬರೀ ಗಂಡನ ಕಡೆಯಿಂದ ಹುಡುಕಿದಾಗ ಸಿಗದ ಹೆಸರುಗಳು ತಾಮನೆ ಕಡೆಯಿಂದ ಹುಡುಕಿದಾಗ ನಮಗೆ ಸಿಕ್ಕಿವೆ. ಐನ್‌ಮನೆಯಲ್ಲಿ (ಮನೆತನದ ಮೂಲ ಮನೆಯಲ್ಲಿ) ಹಬ್ಬಕ್ಕೆ ಒಕ್ಕದವರೆಲ್ಲ (ಆ ಮನೆತನದವರೆಲ್ಲ) ಸೇರುವ ದಿನ ಹೋಗಿ ಕೇಳಿ. ಒಂದೇ ಮಧ್ಯಾಹ್ನದಲ್ಲಿ ಹತ್ತು ಮನೆ ಸುತ್ತಿದಷ್ಟು ಕೆಲಸ ಆಗುತ್ತದೆ.

ಹೆಬ್ಬೆಟ್ಟು ಒತ್ತಿದವರನ್ನು ಬಿಡಬೇಡಿ. ಕಚೇರಿ ಗುಡಿಸಿದವರು, ಬಾಲವಾಡಿ ಆಯಾ, ಲೈನ್‌ಮನೆಯಿಂದ (ತೋಟದ ಕೂಲಿಯವರ ಸಾಲುಮನೆಯಿಂದ) ಹೊಲಿಗೆ ಕಲಿಯಲು ಬರುತ್ತಿದ್ದ ಹುಡುಗಿಯರು, ಇವರ ಹೆಸರು ಸಂಬಳದ ಕಾಲಂನಲ್ಲೋ ಹಾಜರಿ ಪುಸ್ತಕದಲ್ಲೋ ಇರುತ್ತದೆ. ಸಮಾಜ ಅಧ್ಯಕ್ಷರುಗಳ ಸಾಲು ಮಾತ್ರ ಅಲ್ಲ.

ಹಿರಿಯರ ಮಾತು ಕೇಳುವುದು

ಎಂಬತ್ತು ದಾಟಿದವರಿಂದ ಶುರು ಮಾಡಿ. ನಾಳೆ ಹೋಗೋಣ ಅಂದುಕೊಂಡ ಒಬ್ಬರ ಮನೆಗೆ ನಾವು ಹೋಗುವಷ್ಟರಲ್ಲಿ ತಡವಾಗಿತ್ತು. ಈಗಲೂ ಆ ನೋವಿದೆ.

ಇಬ್ಬರು ಹೋಗಿ. ಒಬ್ಬರು ಮಾತಾಡಿಸಲಿ, ಒಬ್ಬರು ಬರೆದುಕೊಳ್ಳಲಿ. ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿ, ಆದರೆ ಮೊದಲು ಕೇಳಿ ಒಪ್ಪಿಗೆ ತೆಗೆದುಕೊಳ್ಳಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಮೇಜಿನ ಮೇಲೆ ಬಟ್ಟೆಯ ಮೇಲಿಡಿ. ಮಿಕ್ಸಿ, ಟೀವಿ, ಹೆಂಚಿನ ಮೇಲಿನ ಮಳೆ, ಇವು ಇಲ್ಲದ ಹೊತ್ತು ನೋಡಿಕೊಳ್ಳಿ. ಮುಕ್ಕಾಲು ಗಂಟೆ ಸಾಕು. ಸುಸ್ತಾದರೆ ಇನ್ನೊಂದು ದಿನ ಹೋಗಿ.

ಅವರವರ ಮಾತಿನಲ್ಲೇ ಮಾತಾಡಲಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವ ಮಾತು, ಯಾವುದಾದರೂ ಸರಿ. ಕನ್ನಡಕ್ಕೆ ಆಮೇಲೆ ಮಾಡಿಕೊಳ್ಳಬಹುದು. ಮೂಲದ ಒಂದೆರಡು ಸಾಲನ್ನು ಹಾಗೇ ಬರೆದಿಡಿ, ಅದರ ರುಚಿಯೇ ಬೇರೆ.

"ಸಮಾಜದ ಬಗ್ಗೆ ಹೇಳಿ" ಅಂದರೆ "ಎಲ್ಲ ಚೆನ್ನಾಗಿತ್ತು" ಅನ್ನುತ್ತಾರೆ, ಮಾತು ಅಲ್ಲೇ ಮುಗಿಯುತ್ತದೆ. ಕಾಲದ ಗುರುತು ಹಿಡಿದು ಕೇಳಿ. ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಶುರುವಾದದ್ದು 1953ರಲ್ಲಿ. ಅದರ ಧನಸಹಾಯ ನಮ್ಮ ಸಮಾಜಕ್ಕೆ ಬಂದಿತ್ತಾ? 1962, 1965, 1971ರ ಯುದ್ಧದ ಸಮಯದಲ್ಲಿ ಸೈನಿಕರಿಗೆ ಸ್ವೆಟರ್ ಹೆಣೆದಿದ್ದೀರಾ, ಒಡವೆ ಕೊಟ್ಟಿದ್ದೀರಾ? ಕೊಡಗಿನಲ್ಲಿ ಸೈನ್ಯಕ್ಕೆ ಹೋದವರಿಲ್ಲದ ಮನೆ ಕಡಿಮೆ, ಹಾಗಾಗಿ ಈ ಪ್ರಶ್ನೆ ಕೇಳಿದರೆ ಮಾತು ಹರಿದು ಬರುತ್ತದೆ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾಯ್ತು, ಆ ಮೇಲೆ ನಿಮ್ಮ ಬಾಲವಾಡಿ ಏನಾಯ್ತು? 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆಗೆ ಹೆಂಗಸರಿಗೆ ಶೇ. 25 ಸೀಟು ಬಂದಾಗ ಸಮಾಜದಿಂದ ಯಾರು ನಿಂತರು? 2000ದ ನಂತರ ಸ್ತ್ರೀಶಕ್ತಿ ಗುಂಪುಗಳು ಬಂದ ಮೇಲೆ ಸದಸ್ಯರು ಕಡಿಮೆ ಆದರಾ, ಜಾಸ್ತಿ ಆದರಾ?

ಜಗಳಗಳನ್ನೂ ಹೇಳುತ್ತಾರೆ. ಕೇಳಿಸಿಕೊಳ್ಳಿ. ಎಲ್ಲವನ್ನೂ ಅಚ್ಚು ಹಾಕಬೇಕಾಗಿಲ್ಲ. ಯಾವುದನ್ನು ಬರೆಯಬಾರದು ಅಂತ ಅವರು ಹೇಳುತ್ತಾರೋ ಅದನ್ನು ಬರೆಯಬೇಡಿ.

ಹಳೆಯ ಫೋಟೋ ಸಿಕ್ಕಿದರೆ ಮನೆಗೆ ತರಬೇಡಿ, ಸಾಧ್ಯವಾದರೆ ಅಲ್ಲೇ ಪ್ರತಿ ತೆಗೆದುಕೊಳ್ಳಿ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆಯಬೇಡಿ, ಗಾಜಿನ ಸಮೇತವೇ ಅದರ ಪ್ರತಿ ತೆಗೆಯಿರಿ. ತರಲೇಬೇಕಾದರೆ ರಸೀತಿ ಬರೆದು ಕೊಟ್ಟು ತನ್ನಿ.

ದಿನ ಗೊತ್ತು ಮಾಡುವುದು

ಕೊಡಗಿನಲ್ಲಿ ಇದೇ ದೊಡ್ಡ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆ, ದಾರಿ, ಕರೆಂಟು, ಯಾವುದನ್ನೂ ನಂಬುವ ಹಾಗಿಲ್ಲ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಮದ್ದು ಸೊಪ್ಪಿನ ಪಾಯಸಕ್ಕೆ ಚಿಕ್ಕದಾಗಿ ಸೇರಬಹುದು, ದೊಡ್ಡ ಸಮಾರಂಭ ಬೇಡ. ನವೆಂಬರ್ ಕೊನೆಯಿಂದ ಅರೇಬಿಕಾ ಕಾಫಿಯ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ. ಮಾರ್ಚ್‌ವರೆಗೂ ತೋಟದ ಹೆಂಗಸರಿಗೆ ಪುರುಸೊತ್ತಿಲ್ಲ, ಕೂಲಿಗೆ ಹೋಗುವ ಸದಸ್ಯರಿಗೆ ಒಂದು ದಿನ ಬಿಟ್ಟರೆ ಒಂದು ದಿನದ ಸಂಬಳ ಹೋಯ್ತು. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ. ಏಪ್ರಿಲ್-ಮೇ ಅಂದರೆ ಮದುವೆ, ಮೇಲಾಗಿ 1997ರಿಂದ ನಡೆದುಬಂದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ. ಹಾಲ್ ಸಿಗುವುದಿಲ್ಲ, ಸಿಕ್ಕಿದರೂ ಜನ ಸಿಗುವುದಿಲ್ಲ.

ಉಳಿಯುವುದು ಅಕ್ಟೋಬರ್ ಮತ್ತು ನವೆಂಬರ್ ಮೊದಲ ವಾರಗಳು. ದಸರಾ ಮತ್ತು ಕಾವೇರಿ ಸಂಕ್ರಮಣ ಮುಗಿದ ಮೇಲಿನ ಒಂದು ಭಾನುವಾರ ನಮಗೆ ಸರಿ ಹೊಂದಿತು. ಭಾನುವಾರವೇ ನಿಮ್ಮ ಊರಿನ ಸಂತೆಯಾದರೆ ಬೇರೆ ದಿನ ನೋಡಿ.

ಸಮಯ: ಬೆಳಿಗ್ಗೆ ಹತ್ತೂವರೆಗೆ ಶುರು, ಸಂಜೆ ನಾಲ್ಕಕ್ಕೆ ಮುಗಿಯಲೇಬೇಕು. ದಕ್ಷಿಣ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿದ್ದಾಪುರ, ತಿತಿಮತಿ ಕಡೆಗೆ ಮಬ್ಬಾಗುವ ಹೊತ್ತಿಗೆ ಆನೆ ದಾರಿಗೆ ಇಳಿಯುತ್ತದೆ. ಹಿರಿಯರು ಬೆಳಕಿರುವಾಗಲೇ ಮನೆ ಸೇರಬೇಕು.

ಹಣ

ಸಮಾರಂಭಕ್ಕೆ ಬೇರೆಯೇ ಜಮಾ-ಖರ್ಚು ಪುಸ್ತಕ ಇಡಿ. ಸಮಾಜದ ಮೂಲ ನಿಧಿಗೆ ಕೈ ಹಾಕಬೇಡಿ. ಐದು ರೂಪಾಯಿ ಕೊಟ್ಟವರಿಗೂ ರಸೀತಿ ಕೊಡಿ. ನಿಮ್ಮ ಸಮಾಜಕ್ಕೆ ಆದಾಯ ತೆರಿಗೆ ಇಲಾಖೆಯ ದೇಣಿಗೆ ವಿನಾಯಿತಿ ನೋಂದಣಿ (80ಜಿ ಅನ್ನುವುದು) ಇಲ್ಲದಿದ್ದರೆ ದೇಣಿಗೆಗೆ ತೆರಿಗೆ ವಿನಾಯಿತಿ ಇದೆ ಅಂತ ಬಾಯಿಮಾತಿಗೂ ಹೇಳಬೇಡಿ. ಪ್ರತಿ ಸದಸ್ಯೆಗೂ ಇಂತಿಷ್ಟು ಅಂತ ಕಡ್ಡಾಯ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೊಡಲಾಗದವರು ಸಮಾರಂಭಕ್ಕೇ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಅಕ್ಕಿ, ತೆಂಗಿನಕಾಯಿ, ಕಾಫಿ ಪುಡಿ, ಕರಿಮೆಣಸು, ಕಾಚಂಪುಳಿ (ಅಡುಗೆಗೆ ಹಾಕುವ ಹುಳಿ), ಎರಡು ದಿನದ ದುಡಿಮೆ, ಇವೂ ದೇಣಿಗೆಯೇ. ಅವಕ್ಕೂ ರಸೀತಿ ಬರೆಯಿರಿ.

ಸ್ಮರಣ ಸಂಚಿಕೆ

ಅಚ್ಚಿನ ಕೆಲಸಕ್ಕೆ ಸಮಾರಂಭಕ್ಕಿಂತ ಎರಡು ತಿಂಗಳು ಮೊದಲೇ ಎಲ್ಲ ಬರಹ ಸಿದ್ಧ ಇರಲಿ. ಗಣ್ಯರ ಶುಭಾಶಯಗಳಿಗೆ ಎರಡೇ ಪುಟ ಅಂತ ಮೊದಲೇ ತೀರ್ಮಾನಿಸಿ ನಡಾವಳಿಯಲ್ಲಿ ಬರೆದುಬಿಡಿ, ಆಮೇಲೆ ಒತ್ತಡ ಬಂದರೆ ತೋರಿಸಬಹುದು. ಜಾಹೀರಾತು ಹಿಂದಿನ ಪುಟಗಳಲ್ಲಿ ಇರಲಿ. ಮೊದಲ ಪುಟದಲ್ಲಿ, ಯಾವ ಫೋಟೋಗೂ ಮೊದಲು, ಹುಡುಕಿ ತೆಗೆದ ಹೆಸರುಗಳ ಪಟ್ಟಿ ಬರಲಿ.

ಗುಂಪು ಫೋಟೋದ ಕೆಳಗೆ "ಸದಸ್ಯರು" ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಹೆಸರು ಹಾಕಿ. ಗುರುತು ಸಿಗದವರಿದ್ದರೆ "ಗುರುತಿಸಲು ಸಹಾಯ ಮಾಡಿ" ಅಂತ ಬರೆಯಿರಿ. ನಮ್ಮ ಸಂಚಿಕೆ ಹಂಚಿದ ಮೇಲೆ ಹೀಗೆ ಮೂವರ ಗುರುತು ಸಿಕ್ಕಿತು. ಕರಡು ತಿದ್ದುವಾಗ ಹೆಸರುಗಳನ್ನು ಮಾತ್ರ ಮೂವರು ಬೇರೆ ಬೇರೆಯಾಗಿ ನೋಡಲಿ. ಬೇರೆ ಅಕ್ಷರ ತಪ್ಪಾದರೆ ಜನ ಕ್ಷಮಿಸುತ್ತಾರೆ, ಮನೆಪೆಸರು ತಪ್ಪಾದರೆ ಆ ನೋವು ಎರಡು ತಲೆಮಾರಿಗೆ ಉಳಿಯುತ್ತದೆ.

ಒಂದು ಪ್ರತಿಯನ್ನು ಜಿಲ್ಲಾ ಗ್ರಂಥಾಲಯಕ್ಕೆ, ಕೊಡವ ಸಾಹಿತ್ಯ ಅಕಾಡೆಮಿಗೆ, ಅರೆಭಾಷೆ ಅಕಾಡೆಮಿಗೆ ಕೊಡಿ. ಮಡಿಕೇರಿ ಆಕಾಶವಾಣಿಯವರಿಗೂ ಒಂದು ಕಳಿಸಿ, ಹಿರಿಯರ ಮಾತು ಮುದ್ರಿಸಿದ್ದು ಇದೆ ಅಂತ ತಿಳಿಸಿ.

ಊಟ

ಊರಿನಲ್ಲಿ ಎಷ್ಟು ಬಗೆಯ ಜನ ಇದ್ದಾರೋ ಸಮಾಜದಲ್ಲೂ ಅಷ್ಟೇ ಬಗೆಯವರಿದ್ದಾರೆ. ಪಂದಿ ಕರಿ (ಹಂದಿಮಾಂಸದ ಅಡುಗೆ) ಇಲ್ಲದ ಸಮಾರಂಭ ಕೆಲವರಿಗೆ ಸಮಾರಂಭವೇ ಅಲ್ಲ, ಅದರ ವಾಸನೆ ಆಗದವರೂ ನಮ್ಮ ಅಕ್ಕತಂಗಿಯರೇ. ಹಾಗಾಗಿ ಒಂದು ತೀರ್ಮಾನ ಮೊದಲೇ ಆಗಲಿ. ನಾವು ಸಸ್ಯಾಹಾರದ ಅಡುಗೆಯನ್ನು ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟಿನಲ್ಲಿ ಮಾಡಿ, ಹಾಲಿನ ಇನ್ನೊಂದು ಬದಿಯಲ್ಲಿ ಬಡಿಸಿದೆವು. ಮುಸ್ಲಿಂ ಸದಸ್ಯೆಯರನ್ನು ಮೊದಲೇ ಕೇಳಿ, ಕೋಳಿಯ ವ್ಯವಸ್ಥೆಯನ್ನು ಅವರಿಗೇ ಒಪ್ಪಿಸಿದೆವು. ಯಾರೂ ಹಸಿದು ಹೋಗಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ.

ನಮ್ಮ ಲೆಕ್ಕ ಹೀಗಿತ್ತು, ನೂರು ಜನಕ್ಕೆ: ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತಲೆಗೆ ನಾಲ್ಕು, ಅಂದರೆ ನಾನೂರು. ಹಂದಿಮಾಂಸ ಸುಮಾರು 20ರಿಂದ 25 ಕಿಲೋ. ಅನ್ನಕ್ಕೆ ಅಕ್ಕಿ 8 ಕಿಲೋ, ಕಡಂಬುಟ್ಟು ಇರುವುದರಿಂದ ಇಷ್ಟು ಸಾಕು. ಕಾಫಿಗೆ ಹಾಲು 10 ಲೀಟರ್, ಪುಡಿ 1 ಕಿಲೋ. ಪಂದಿ ಕರಿಯನ್ನು ಹಿಂದಿನ ಸಂಜೆಯೇ ಬೇಯಿಸಿಟ್ಟು, ಬೆಳಿಗ್ಗೆ ಚೆನ್ನಾಗಿ ಕುದಿಸಿ, ಕಾಚಂಪುಳಿಯನ್ನು ಕೊನೆಗೆ ಹಾಕಿ. ಸಸ್ಯಾಹಾರಕ್ಕೆ ಕುಂಬಳಕಾಯಿ ಕರಿ, ಕೆಂಬಿನ (ಕೆಸುವಿನ) ಕರಿ, ನೂಲ್‌ಪುಟ್ಟು (ಅಕ್ಕಿ ಶಾವಿಗೆ). ಮಳೆಗಾಲದಲ್ಲಿ ಉಪ್ಪು ನೀರಿನಲ್ಲಿ ಹಾಕಿಟ್ಟ ಬೈಂಬಳೆ (ಕಳಲೆ, ಎಳೆ ಬಿದಿರು) ಇದ್ದರೆ ಅದನ್ನೂ ಮಾಡಿ. ನಮ್ಮಲ್ಲಿ ಮೊದಲು ಖಾಲಿಯಾದದ್ದು ಅದೇ ಪಾತ್ರೆ.

ಸದಸ್ಯೆಯರೇ ಅಡುಗೆ ಮಾಡುವುದು ಬೇಡ, ಇದು ನನ್ನ ಗಟ್ಟಿ ಅಭಿಪ್ರಾಯ. ಎಪ್ಪತ್ತೈದು ವರ್ಷ ಊರಿನ ಎಲ್ಲ ಸಮಾರಂಭಕ್ಕೂ ಅಡುಗೆಮನೆಯಲ್ಲಿ ನಿಂತವರು ಇವರು. ಈ ಒಂದು ದಿನ ಎದುರಿನ ಕುರ್ಚಿಯಲ್ಲಿ ಕೂರಲಿ. ಅಡುಗೆಯವರನ್ನು ಕರೆಸಿ, ಬಡಿಸುವುದಕ್ಕೆ ಗಂಡು ಮಕ್ಕಳನ್ನು ನಿಲ್ಲಿಸಿ.

ಆ ದಿನ

ಫ್ಲೆಕ್ಸ್ ಬೇಡ. 2016ರಿಂದ ರಾಜ್ಯದಲ್ಲಿ ಫ್ಲೆಕ್ಸ್, ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧ ಇದೆ. ಬಟ್ಟೆಯ ಮೇಲೆ ಬರೆಸಿದ ಬ್ಯಾನರ್ ಮುಂದಿನ ಸಮಾರಂಭಕ್ಕೂ ಆಗುತ್ತದೆ. ಮೈಕಿಗೆ ಪೊಲೀಸ್ ಅನುಮತಿ ಪತ್ರ ತೆಗೆದುಕೊಳ್ಳಿ, ಜನರೇಟರ್ ಹೇಳಿಡಿ. ನಡೆಯಲಾಗದ ಹಿರಿಯರಿಗೆ ಮನೆ ಬಾಗಿಲಿಂದ ಜೀಪು ಮಾಡಿ, ವೇದಿಕೆಗೆ ಮೆಟ್ಟಿಲಿನ ಬದಲು ಇಳಿಜಾರು ಹಲಗೆ ಹಾಕಿಸಿ.

ಭಾಷಣ ಮೂರೇ ಮೂರು ಸಾಕು. ಸನ್ಮಾನಕ್ಕೆ ಹಾರ ಶಾಲು ಪೇಟ ಅಂತ ಗಂಟೆಗಟ್ಟಲೆ ಕಳೆಯುವ ಬದಲು ನಾವು ಹೀಗೆ ಮಾಡಿದೆವು. ನಡುವೆ ತೂಗುದೀಪ ಹಚ್ಚಿ ತಳಿಯತಕ್ಕಿ ಬೊಳಕ್ (ತಟ್ಟೆಯಲ್ಲಿ ಅಕ್ಕಿ, ಅದರ ಮೇಲೆ ದೀಪ) ಇಟ್ಟೆವು. ಇಬ್ಬರು ಹುಡುಗಿಯರು ಹಳೆಯ ನಡಾವಳಿಯ ಮೊದಲ ಪುಟವನ್ನು ಓದಿದರು. "ಮಿಸೆಸ್ ಪೊನ್ನಪ್ಪ" ಅಂತ ಒಬ್ಬಳು ಓದಿದರೆ, ಇನ್ನೊಬ್ಬಳು ಅವರ ಸ್ವಂತ ಹೆಸರು, ತಾಮನೆಯ ಹೆಸರು ಹೇಳುತ್ತಿದ್ದಳು. ಆ ಕುಟುಂಬದವರು ಒಬ್ಬರು ಎದ್ದು ಬಂದು ದೀಪಕ್ಕೆ ಅಕ್ಕಿ ಹಾಕುತ್ತಿದ್ದರು. ಹೆಬ್ಬೆಟ್ಟು ಒತ್ತಿದ ಇಬ್ಬರಲ್ಲಿ ಒಬ್ಬರ ಹೆಸರು ಓದಿದಾಗ ಕೊನೆಯ ಸಾಲಿನಿಂದ ಅವರ ಮೊಮ್ಮಗಳು ಬಂದಳು. ಅವಳು ಈಗ ಶಾಲೆಯಲ್ಲಿ ಟೀಚರ್. ಅಕ್ಕಿ ಹಾಕಿ, ಪುಸ್ತಕದ ಆ ಪುಟದ ಮೇಲೆ ಬೆರಳಿಟ್ಟು, ಸುಮ್ನೆ ಸ್ವಲ್ಪ ಹೊತ್ತು ನಿಂತಳು. ಹಾಲಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಇಡೀ ಕಾರ್ಯಕ್ರಮಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು.

ಅದಾದ ಮೇಲೆ ಉಮ್ಮತ್ತಾಟ್ (ಕೊಡವ ಹೆಂಗಸರ ಕುಣಿತ), ಊಟ, ಊಟದ ನಂತರ ವಾಲಗ (ವಾದ್ಯಕ್ಕೆ ಎಲ್ಲರೂ ಕುಣಿಯುವುದು). ವಾಲಗಕ್ಕೆ ಸಮಯ ಬಿಡಿ. ಎಂಬತ್ತರ ಅಜ್ಜಿಯರೂ ಕುಣಿಯಲು ಏಳುತ್ತಾರೆ.

ಮುಗಿದ ಮೇಲೆ

ಹದಿನೈದು ದಿನದೊಳಗೆ ಎರವಲು ತಂದ ಫೋಟೋಗಳನ್ನು ಮನೆಗೆ ಹೋಗಿ ಕೊಟ್ಟು, ರಸೀತಿ ವಾಪಸ್ ಪಡೆಯಿರಿ. ಒಂದು ತಿಂಗಳೊಳಗೆ ಲೆಕ್ಕ ಒಪ್ಪಿಸಿ ನೋಟಿಸ್ ಬೋರ್ಡಿಗೆ ಹಾಕಿ. ಉಳಿದ ಹಣವನ್ನು ಏನು ಮಾಡಬೇಕು ಅನ್ನುವುದನ್ನು ಮಹಾಸಭೆ ತೀರ್ಮಾನಿಸಲಿ. ಹಳೆಯ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ, ಒಣಗಿಸಿದ ಬೇವಿನ ಎಲೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನೆಲದಿಂದ ಎತ್ತರದ ಕಬ್ಬಿಣದ ಅಲ್ಮೇರಾದಲ್ಲಿ, ಗೋಡೆಗೆ ತಾಗದ ಹಾಗೆ ಇಡಿ. ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನು ಬರೆದಿಡಿ.

ಕೊನೆಯದಾಗಿ, ಆ ದಿನದ ನಡಾವಳಿಯನ್ನು ಆ ವಾರದಲ್ಲೇ ಬರೆಯಿರಿ. ಹಾಜರಿದ್ದ ಪ್ರತಿಯೊಬ್ಬರ ಸ್ವಂತ ಹೆಸರು, ಮನೆಪೆಸರು ಪೂರ್ತಿಯಾಗಿ ಇರಲಿ. ಜೀಪು ಓಡಿಸಿದವರದ್ದು, ಪಾತ್ರೆ ತೊಳೆದವರದ್ದೂ ಇರಲಿ. ನಮ್ಮ ಕಾರ್ಯದರ್ಶಿ ಇದನ್ನು ಮಾಡಿದಾಗ ಹೆಸರುಗಳೇ ಒಂಬತ್ತು ಪುಟ ಆದವು. ಹೊಸ ನಡಾವಳಿ ಪುಸ್ತಕ ತರಬೇಕಾಯ್ತು.